ಗಂಜಿಯಿಂದ ರೊಟ್ಟಿಗೆ

ತಾಯಿ: ಆರು ತಿಂಗಳಿಗೆ ಗಂಜಿ ಶುರು ಮಾಡಿ, ವರ್ಷ ತುಂಬುವ ಹೊತ್ತಿಗೆ ಮನೆಯೂಟಕ್ಕೆ ತನ್ನಿ ಎಂದು ಎಲ್ಲ ವೈದ್ಯರೂ ಹೇಳುತ್ತಾರೆ. ನಡುವಿನ ತಿಂಗಳುಗಳಲ್ಲಿ ಏನೇನಾಗಬೇಕು ಎಂದು ಬಿಡಿಸಿ ಹೇಳುವವರು ಕಡಿಮೆ.

ಆಹಾರತಜ್ಞೆ: ಮೊದಲ 6 ತಿಂಗಳು ಮಗುವಿಗೆ ಎದೆಹಾಲೊಂದೇ ಸಾಕು. ಆಮೇಲೆ ಎದೆಹಾಲಿನ ಜೊತೆಗೆ ಬೇರೆ ಆಹಾರವೂ ಸೇರಬೇಕು. ಎದೆಹಾಲು 2 ವರ್ಷದವರೆಗೆ, ಅದರಾಚೆಗೂ ಮುಂದುವರಿಯಬಹುದು. ಇದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎದೆಹಾಲು ಕುಡಿಯುತ್ತಿರುವ ಮಗುವಿಗೆ ಬೇರೆ ಆಹಾರದಿಂದ ದಿನಕ್ಕೆ 6–8 ತಿಂಗಳಲ್ಲಿ ಸುಮಾರು 200 ಕ್ಯಾಲೊರಿ, 9–11 ತಿಂಗಳಲ್ಲಿ 300, ಎರಡನೇ ವರ್ಷದಲ್ಲಿ 550 ಬೇಕು ಎಂಬ ಲೆಕ್ಕವಿದೆ. ಇದು ಪ್ರಮಾಣದ ಮಾತು. ಪ್ರಮಾಣದ ಜೊತೆಗೆ ಹದವೂ ಬದಲಾಗುತ್ತ ಹೋಗಬೇಕು. ಆರನೇ ತಿಂಗಳಲ್ಲಿ ಚಮಚ ಓರೆ ಮಾಡಿದರೂ ಜಾರಿ ಬೀಳದಷ್ಟು ಗಟ್ಟಿಯಾದ, ನುಣ್ಣನೆಯ ಗಂಜಿ. ಏಳು–ಎಂಟಕ್ಕೆ ಕೈಯಲ್ಲೇ ಕಿವುಚಿದ ಬೇಳೆ–ಅನ್ನ, ಸಣ್ಣ ಗಂಟುಗಳ ಸಮೇತ. ಎಂಟು–ಒಂಬತ್ತಕ್ಕೆ ಮಗುವೇ ಹಿಡಿದು ತಿನ್ನಬಲ್ಲ ಮೆತ್ತನೆಯ ತುಂಡು. ಹನ್ನೆರಡಕ್ಕೆ ಮನೆಯವರು ಉಣ್ಣುವುದೇ, ಚೂರು ಮಾಡಿ, ಸ್ವಲ್ಪ ಮೆದು ಮಾಡಿ. ಮಗು ಎಷ್ಟು ಉಂಡಿತು ಎಂದು ಎಲ್ಲ ಮನೆಗಳಲ್ಲೂ ಕೇಳುತ್ತಾರೆ. ಯಾವ ಹದದ್ದು ಉಂಡಿತು ಎಂದು ಕೇಳುವುದಿಲ್ಲ. ಮುಂದೆ ಬರುವ ಊಟದ ಜಗಳಗಳಲ್ಲಿ ಬಹಳಷ್ಟು ಹುಟ್ಟುವುದು ಇಲ್ಲಿಂದಲೇ.

ತಾಯಿ: ಹಲ್ಲೇ ಬರದ ಮಗುವಿಗೆ ಗಂಟಿರುವ ಅನ್ನ ಕೊಡಲು ಹೆದರಿಕೆಯಾಗುತ್ತದೆ. ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿಬಿಟ್ಟರೆ ನಿಶ್ಚಿಂತೆ ಎನ್ನಿಸುತ್ತದೆ.

ಆಹಾರತಜ್ಞೆ: ಅಗಿಯುವ ದವಡೆ ಹಲ್ಲುಗಳು ಬರುವುದೇ 13ರಿಂದ 19 ತಿಂಗಳ ನಡುವೆ, ಅವುಗಳ ಹಿಂದಿನವು ಎರಡು ವರ್ಷದ ಆಸುಪಾಸಿನಲ್ಲಿ, ಕೆಲವರಿಗೆ ಎರಡೂವರೆ ದಾಟಿದ ಮೇಲೆ. ಹಲ್ಲಿಗೆ ಕಾದರೆ ಮಗು ಒಂದೂವರೆ ವರ್ಷ ಗಂಜಿಯಲ್ಲೇ ಉಳಿದೀತು. ಬಾಳೆಹಣ್ಣು, ಬೆಂದ ಗೆಣಸು, ನೆನೆದ ರೊಟ್ಟಿ, ಇಡ್ಲಿ ಇವನ್ನೆಲ್ಲ ಒಸಡೇ ನುರಿಸುತ್ತದೆ. ನಿಜವಾಗಿ ಕಲಿಯಬೇಕಾದದ್ದು ನಾಲಿಗೆ. ಹಾಲು ಕುಡಿಯುವಾಗ ನಾಲಿಗೆ ಹಿಂದೆ ಮುಂದೆ ಮಾತ್ರ ಆಡುತ್ತದೆ. ತುಂಡನ್ನು ಅಗಿಯಬೇಕಾದರೆ ಅದನ್ನು ಪಕ್ಕಕ್ಕೆ, ಒಸಡಿನ ಮೇಲಕ್ಕೆ ಒಯ್ಯಬೇಕು, ನುರಿದ ಮೇಲೆ ಮತ್ತೆ ನಡುವಿಗೆ ತಂದು ಒಟ್ಟುಗೂಡಿಸಿ ನುಂಗಬೇಕು. ಈ ಅಡ್ಡ ಚಲನೆ ಕುದುರುವುದು ಹೆಚ್ಚುಕಡಿಮೆ 7ರಿಂದ 10 ತಿಂಗಳಲ್ಲಿ, ಅದೂ ಬಾಯಲ್ಲಿ ಏನಾದರೂ ತುಂಡು ಇದ್ದಾಗ ಮಾತ್ರ. ಮಿಕ್ಸಿಯಲ್ಲಿ ನುಣ್ಣಗಾದದ್ದು ನೇರವಾಗಿ ಗಂಟಲಿಗೆ ಇಳಿಯುತ್ತದೆ. ನಾಲಿಗೆಗೆ ಕೆಲಸವೇ ಇಲ್ಲ.

ಇದನ್ನು ಇಂಗ್ಲೆಂಡಿನ ಮಕ್ಕಳ ವೈದ್ಯರಾದ ಇಲಿಂಗ್‌ವರ್ತ್ ಮತ್ತು ಲಿಸ್ಟರ್ 1964ರಲ್ಲೇ ಬರೆದಿದ್ದರು. ಅಗಿಯಲು ಸಿದ್ಧವಾದ ಹೊತ್ತಿನಲ್ಲಿ ಅಗಿಯುವ ಆಹಾರ ಸಿಗದಿದ್ದರೆ ಮುಂದೆ ಅದೇ ಮಗು ಗಟ್ಟಿಯಾದದ್ದನ್ನು ಉಗುಳುತ್ತದೆ, ಓಕರಿಸುತ್ತದೆ ಎಂಬುದು ಅವರು ಕಂಡದ್ದು. ಬ್ರಿಸ್ಟಲ್ ಸುತ್ತಲಿನ ಸಾವಿರಾರು ಮಕ್ಕಳನ್ನು ಹುಟ್ಟಿನಿಂದ ಗಮನಿಸುತ್ತ ಬಂದ ಅಧ್ಯಯನದಲ್ಲೂ ಇದೇ ಕಂಡಿತು. 10 ತಿಂಗಳವರೆಗೂ ಗಂಟಿರುವ ಆಹಾರ ಕಾಣದ ಮಕ್ಕಳಿಗೆ 15 ತಿಂಗಳಲ್ಲಿ ಊಟದ ತೊಂದರೆ ಹೆಚ್ಚಿತ್ತು ಎಂದು 2001ರಲ್ಲಿ ವರದಿಯಾಯಿತು; ಅವರಿಗೆ 7 ವರ್ಷವಾದಾಗಲೂ ಹಣ್ಣು ತರಕಾರಿ ತಿನ್ನುವುದು ಉಳಿದವರಿಗಿಂತ ಕಡಿಮೆ ಎಂದು 2009ರಲ್ಲಿ. ಹತ್ತನೇ ತಿಂಗಳು ದಾಟುವ ಮೊದಲೇ ಮಿಕ್ಸಿಯನ್ನು ಮೇಲಿಟ್ಟುಬಿಡಬೇಕು ಎಂದು ಹೇಳುವುದು ಇದಕ್ಕಾಗಿ.

ತಾಯಿ: ತುಂಡು ಕೊಟ್ಟ ಕೂಡಲೇ ಮಗು ಓಕರಿಸುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಗಂಟಲಿಗೆ ಸಿಕ್ಕಿಕೊಂಡಿತೇನೋ ಎಂದು ಮನೆಯವರೆಲ್ಲ ಓಡಿಬರುತ್ತಾರೆ. ಆಮೇಲೆ ಯಾರೂ ತುಂಡು ಕೊಡುವ ಧೈರ್ಯ ಮಾಡುವುದಿಲ್ಲ.

ಆಹಾರತಜ್ಞೆ: ಓಕರಿಕೆ ಬೇರೆ, ಉಸಿರುಗಟ್ಟುವುದು ಬೇರೆ. ಈ ವ್ಯತ್ಯಾಸ ಮಗುವನ್ನು ನೋಡಿಕೊಳ್ಳುವ ಪ್ರತಿಯೊಬ್ಬರಿಗೂ ತಿಳಿದಿರಲೇಬೇಕು. ದೊಡ್ಡವರಲ್ಲಿ ಓಕರಿಕೆ ಬರುವುದು ನಾಲಿಗೆಯ ಬುಡ ಮುಟ್ಟಿದಾಗ. ಶಿಶುಗಳಲ್ಲಿ ಆ ಜಾಗ ಇನ್ನೂ ಮುಂದಿರುತ್ತದೆ. ತುಂಡು ಸ್ವಲ್ಪ ಹಿಂದೆ ಸರಿದರೂ ನಾಲಿಗೆ ಅದನ್ನು ಮುಂದಕ್ಕೆ ತಳ್ಳುತ್ತದೆ. ಮುಖ ಕೆಂಪಾಗುತ್ತದೆ, ಕೆಮ್ಮು ಬರುತ್ತದೆ, ಶಬ್ದ ಕೇಳಿಸುತ್ತದೆ. ಇದು ಮಗುವಿನ ಕಾವಲು. ದಿನಕಳೆದಂತೆ ಆ ಜಾಗ ಹಿಂದಕ್ಕೆ ಸರಿಯುತ್ತದೆ, ಓಕರಿಕೆಯೂ ಕಡಿಮೆಯಾಗುತ್ತದೆ. ಉಸಿರುಗಟ್ಟಿದ ಮಗುವಿನಲ್ಲಿ ಶಬ್ದವೇ ಬರುವುದಿಲ್ಲ. ಅಳು ನಿಲ್ಲುತ್ತದೆ, ಕೆಮ್ಮಲು ಆಗುವುದಿಲ್ಲ, ತುಟಿ ನೀಲಿಗಟ್ಟುತ್ತದೆ.

ಆಗ ಕಾಯುವಂತಿಲ್ಲ. ವರ್ಷದೊಳಗಿನ ಮಗುವಾದರೆ ಮುಂಗೈ ಮೇಲೆ ತಲೆ ಕೆಳಗಾಗುವಂತೆ ಬೋರಲು ಮಲಗಿಸಿಕೊಂಡು ಬೆನ್ನಿನ ಎರಡು ಹೆಗಲೆಲುಬುಗಳ ನಡುವೆ ಅಂಗೈ ಬುಡದಿಂದ 5 ಸಲ ಬಲವಾಗಿ ತಟ್ಟಬೇಕು. ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ 5 ಸಲ ಒತ್ತಬೇಕು. ವರ್ಷ ದಾಟಿದ ಮಗುವಿಗೆ ಬೆನ್ನಿಗೆ ತಟ್ಟಿದ ಮೇಲೆ ಹಿಂದಿನಿಂದ ಅಪ್ಪಿ ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಒಳಕ್ಕೆ, ಮೇಲಕ್ಕೆ ಒತ್ತಬೇಕು. ಕಣ್ಣಿಗೆ ಕಾಣದ ತುಂಡನ್ನು ತೆಗೆಯಲು ಬಾಯಿಗೆ ಬೆರಳು ಹಾಕಬಾರದು. ಅದು ಇನ್ನಷ್ಟು ಒಳಗೆ ಹೋಗುತ್ತದೆ. ಅದೇ ಹೊತ್ತಿಗೆ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಇದನ್ನು ಓದಿ ಕಲಿತರೆ ಸಾಲದು, ವೈದ್ಯರ ಬಳಿ ಒಮ್ಮೆ ಮಾಡಿ ನೋಡಬೇಕು.

ತಾಯಿ: ವಿಜಯಪುರ, ಕಲಬುರಗಿ, ಸೊಲ್ಲಾಪುರದ ಕಡೆಯಿಂದ ಪುಣೆಗೆ ಬಂದ ನಮ್ಮಂಥವರ ಮನೆಗಳಲ್ಲಿ ಶೇಂಗಾ ಇಲ್ಲದ ಅಡುಗೆಯೇ ಇಲ್ಲ. ಪುಣೆಯವರ ಅಡುಗೆಯಲ್ಲೂ ಶೇಂಗಾ ಪುಡಿ ಬೇಕೇ ಬೇಕು. ಅದನ್ನು ದೂರವಿಡಬೇಕೆ?

ಆಹಾರತಜ್ಞೆ: ಇಡೀ ಕಾಳನ್ನು ದೂರವಿಡಿ, ಶೇಂಗಾವನ್ನಲ್ಲ. ನಮ್ಮ ದೇಶದಲ್ಲಿ ಮಕ್ಕಳ ಶ್ವಾಸನಾಳದಿಂದ ವೈದ್ಯರು ತೆಗೆಯುವ ವಸ್ತುಗಳಲ್ಲಿ ಶೇಂಗಾ ಕಾಳು ಮುಂದಿದೆ. ಇಡೀ ಶೇಂಗಾ, ಪುಟಾಣಿ, ಹುರಿದ ಕಡಲೆ, ಇಡೀ ದ್ರಾಕ್ಷಿ, ಹಸಿ ಗಜ್ಜರಿಯ ಬಿಲ್ಲೆ, ಗಟ್ಟಿ ಪೇಪರಮಿಂಟು, ಕೊಬ್ಬರಿ ತುಂಡು ಇವು 4–5 ವರ್ಷದವರೆಗೆ ಮಗುವಿನ ಕೈಗೆ ಸಿಗಬಾರದು. ಹಬ್ಬದಲ್ಲಿ ಚಿವಡಾ ತಟ್ಟೆ ಕೆಳಗಿಟ್ಟು ಮಾತಿಗೆ ಕೂರುವುದು ಅಪಾಯ. ಆದರೆ ನುಣ್ಣಗೆ ಕುಟ್ಟಿದ ಶೇಂಗಾ ಪುಡಿಯನ್ನು ಗಂಜಿಯಲ್ಲೋ ಪಲ್ಯದಲ್ಲೋ ಬೆರೆಸಿ 6–7 ತಿಂಗಳಿಂದಲೇ ಕೊಡಬಹುದು. ಅಲರ್ಜಿ ಬರುತ್ತದೆಂದು ತಡಮಾಡುವ ರೂಢಿ ಹಿಂದೆ ಇತ್ತು. ಲಂಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆ ಅದನ್ನು ತಲೆಕೆಳಗು ಮಾಡಿತು. ಅಲರ್ಜಿಯ ಸಂಭವ ಹೆಚ್ಚಿದ್ದ ಶಿಶುಗಳಲ್ಲೂ ಬೇಗ ಶೇಂಗಾ ತಿಂದವರಿಗೆ ಮುಂದೆ ಅದರ ಅಲರ್ಜಿ ಬಂದದ್ದು ಬಹಳ ಕಡಿಮೆ. ತೀವ್ರ ಇಸುಬು ಇರುವ ಮಗುವಾದರೆ ಮಾತ್ರ ವೈದ್ಯರನ್ನು ಕೇಳಿಯೇ ಶುರು ಮಾಡಬೇಕು.

ತಾಯಿ: ಮನೆಯೂಟಕ್ಕೆ ತನ್ನಿ ಎನ್ನುತ್ತೀರಿ. ಮನೆಯೂಟ ಎಂದರೆ ಖಾರದ ಪಲ್ಯ, ಶೇಂಗಾ ಚಟ್ನಿ, ಹುಳಿ ಸಾರು. ಅದಕ್ಕೇ ಮಗುವಿಗೆ ಬೇರೆ ಪಾತ್ರೆ ಇಡುತ್ತಾರೆ.

ಆಹಾರತಜ್ಞೆ: ಆ ಬೇರೆ ಪಾತ್ರೆಯೇ ಮಗುವನ್ನು ಮನೆಯವರಿಂದ ಬೇರೆ ಕೂರಿಸುತ್ತದೆ. ಭಾರತೀಯ ಮಕ್ಕಳ ವೈದ್ಯರ ಸಂಘವೂ ಮನೆಯವರ ಪಾತ್ರೆಯಿಂದಲೇ ಮಗುವಿಗೆ ತೆಗೆದುಕೊಡಿ ಎನ್ನುತ್ತದೆ. ಮಾಡಬೇಕಾದದ್ದು ಇಷ್ಟೆ: ಉಪ್ಪು ಖಾರ ಬೀಳುವ ಮೊದಲು ಮಗುವಿನ ಪಾಲು ತೆಗೆದಿಡುವುದು. ಬೇಳೆ ಬೆಂದ ಮೇಲೆ ಒಂದು ಬಟ್ಟಲು ತೆಗೆದು, ಆಮೇಲೆ ಒಗ್ಗರಣೆ ಹಾಕಿ. ಮೆಂತ್ಯೆ ಪಲ್ಯಕ್ಕೆ ಹಸಿಮೆಣಸಿನಕಾಯಿ ಬೀಳುವ ಮೊದಲು ಎರಡು ಚಮಚ ತೆಗೆಯಿರಿ. ಜೀರಿಗೆ, ಇಂಗು, ಬೆಳ್ಳುಳ್ಳಿ, ಅರಿಶಿನ, ಕೊತ್ತಂಬರಿ, ಬೇಕಾದರೆ ಚಿಟಿಕೆ ಗೋಡಾ ಮಸಾಲೆ ಇವೆಲ್ಲ ಮಗುವಿಗೆ ಬರಲಿ. ಮನೆಯ ಅಡುಗೆಯ ವಾಸನೆಗೆ ಒಗ್ಗಿಕೊಳ್ಳುವುದು ಈ ವಯಸ್ಸಿನಲ್ಲೇ ಸುಲಭ. ವರ್ಷದೊಳಗೆ ಬೇರೆ ಉಪ್ಪು ಬೇಕಾಗಿಲ್ಲ. ಆಮೇಲೂ 3 ವರ್ಷದವರೆಗೆ ದಿನಕ್ಕೆ 2 ಗ್ರಾಂ ಒಳಗಿರಲಿ. ಉಪ್ಪಿನಕಾಯಿ, ಹಪ್ಪಳ, ಫರಸಾಣದ ಉಪ್ಪು ಸೇರಿಸಿದರೆ ಅದನ್ನು ದಾಟಿಹೋಗುವುದು ತಿಳಿಯುವುದೇ ಇಲ್ಲ. ಮನೆಯವರ ಸಾರಿಗೂ ಸ್ವಲ್ಪ ಉಪ್ಪು ಕಡಿಮೆಯಾದರೆ ಯಾರಿಗೂ ನಷ್ಟವಿಲ್ಲ.

ಪುಣೆಯ ಮಾರುಕಟ್ಟೆ ಇದಕ್ಕೆ ಬಹಳ ಅನುಕೂಲ. ಮಾವಳದ ಇಂದ್ರಾಯಣಿ, ಮುಳಶಿಯ ಆಂಬೆಮೊಹರ್ ಅಕ್ಕಿ ಎರಡೂ ಮೆತ್ತಗೆ, ಅಂಟಂಟಾಗಿ ಬೇಯುತ್ತವೆ. ಮರಾಠಿ ಮನೆಗಳಲ್ಲಿ ಮಕ್ಕಳಿಗೂ ಕಾಯಿಲೆಯವರಿಗೂ ಮಾಡುವ ಮವು ಭಾತ್ ಇಂಥ ಅಕ್ಕಿಯದೇ. ಅದಕ್ಕೆ ಮೆತ್ಕೂಟ್ ಪುಡಿ, ತುಪ್ಪ ಕಲಸುತ್ತಾರೆ; ಮೆತ್ಕೂಟಿನಲ್ಲಿ ಹುರಿದ ಬೇಳೆಗಳಿವೆ, ಮಗುವಿಗಾಗಿ ಮೆಣಸಿನಕಾಯಿ ಬಿಟ್ಟು ಮಾಡಿಕೊಂಡರೆ ಆಯಿತು. ತೊಗರಿಬೇಳೆಯ ವರಣ್, ಅನ್ನ, ತುಪ್ಪ ಇದು ಪುಣೆಯ ಮಕ್ಕಳ ಮೊದಲ ನಿಜವಾದ ಊಟ, ನಮ್ಮ ತೊವ್ವೆ ಅನ್ನದ ನೆಂಟ. ಈ ಅಂಟು ಅನ್ನವನ್ನು ಸಣ್ಣ ಉಂಡೆ ಮಾಡಿ ತಟ್ಟೆಯ ಮೇಲಿಟ್ಟರೆ ಎಂಟೊಂಬತ್ತು ತಿಂಗಳ ಮಗು ತಾನೇ ಎತ್ತಿ ಬಾಯಿಗಿಟ್ಟುಕೊಳ್ಳುತ್ತದೆ. ಹೆಬ್ಬೆರಳು ತೋರುಬೆರಳು ಸೇರಿಸಿ ಹಿಡಿಯುವ ಚಳಕ ಒಂಬತ್ತು–ಹತ್ತರಲ್ಲಿ ಬರುತ್ತದೆ. ಆಗ ಒಂದೊಂದೇ ಅಗುಳು ಹೆಕ್ಕುವುದನ್ನು ನೋಡಬಹುದು. ಅದು ಆಟವಾಗಿ ಕಂಡರೂ ಊಟದ ಪಾಠವೇ.

ತಾಯಿ: ಜೋಳದ ರೊಟ್ಟಿ ಎಷ್ಟು ತಿಂಗಳಿಗೆ ಕೊಡಬಹುದು? ಊರಿನ ಅಜ್ಜಿಯರು ಹಾಲಿನಲ್ಲಿ ನೆನೆಸಿ ಕೊಡುತ್ತಾರೆ. ಕೆಲವರು ಜೋಳ ಜೀರ್ಣವಾಗದು ಎನ್ನುತ್ತಾರೆ.

ಆಹಾರತಜ್ಞೆ: ಅಜ್ಜಿಯರ ಕ್ರಮ ಸರಿಯಿದೆ. ಎಂಟನೇ ತಿಂಗಳಿಗೆ ಬಿಸಿ ರೊಟ್ಟಿಯ ಒಳಗಿನ ಮೆತ್ತನೆಯ ಭಾಗವನ್ನು ಬೇಳೆಯಲ್ಲಿ ನೆನೆಸಿ ಕಿವುಚಿ ಕೊಡಿ. ಹಾಲಿಗಿಂತ ಬೇಳೆ ಒಳ್ಳೆಯದು. ಯಾಕೆಂದು ಮುಂದೆ ಹೇಳುತ್ತೇನೆ. ಹತ್ತಕ್ಕೆ ಪೂರಾ ಕಿವುಚಬೇಡಿ, ಸಣ್ಣ ಚೂರುಗಳು ಉಳಿಯಲಿ. ಹನ್ನೆರಡರ ಮೇಲೆ ತುಪ್ಪ ಸವರಿದ ಬಿಸಿ ರೊಟ್ಟಿಯ ತುಂಡನ್ನು ಝುಣಕಕ್ಕೋ ಪಲ್ಯಕ್ಕೋ ಅದ್ದಿ ಕೈಗೆ ಕೊಡಿ. ಕಟಕ ರೊಟ್ಟಿ ಬೇಡ, ಅದರ ಚೂಪು ಚೂರುಗಳು ಗಂಟಲಿಗೆ ಚುಚ್ಚುತ್ತವೆ. ಚಪಾತಿಯದೂ ಇದೇ ದಾರಿ. ದಕ್ಷಿಣ ಕರ್ನಾಟಕದ ಮುದ್ದೆಯ ಮಾತು ಬೇರೆ. ಮುದ್ದೆಯನ್ನು ಅಗಿಯದೆ ನುಂಗುವುದೇ ರೂಢಿಯಾದ್ದರಿಂದ ಪೋಷಣೆಗೆ ಒಳ್ಳೆಯದಾದರೂ ಅಗಿಯುವ ಅಭ್ಯಾಸಕ್ಕೆ ಅದರಿಂದ ಸಹಾಯವಿಲ್ಲ. ಪಕ್ಕದಲ್ಲಿ ಬೆಂದ ಕಾಳು, ಸೊಪ್ಪು, ತರಕಾರಿಯ ತುಂಡು ಇರಬೇಕು.

ತಾಯಿ: ಬೇಳೆಯ ಮೇಲಿನ ತಿಳಿ ನೀರು, ಅಕ್ಕಿ ಗಂಜಿಯ ತಿಳಿ ಇವು ಹಗುರ, ಸುಲಭವಾಗಿ ಇಳಿಯುತ್ತವೆ ಎಂದು ಬಹಳ ದಿನ ಕೊಡುತ್ತಾರಲ್ಲ?

ಆಹಾರತಜ್ಞೆ: ಹೊಟ್ಟೆ ತುಂಬುತ್ತದೆ, ಮಗು ಬೆಳೆಯುವುದಿಲ್ಲ. ಮಗುವಿನ ಹೊಟ್ಟೆಯಲ್ಲಿ ಒಂದು ಹೊತ್ತಿಗೆ ಹಿಡಿಯುವುದು ಕೆಜಿ ತೂಕಕ್ಕೆ 30 ಮಿಲಿಲೀಟರಿನಷ್ಟು. 9 ಕೆಜಿಯ ಮಗುವಿಗೆ 270 ಮಿಲಿಲೀಟರ್, ಅಂದರೆ ಒಂದು ಬಟ್ಟಲು ಚಿಲ್ಲರೆ. ಆ ಜಾಗವನ್ನು ನೀರಿನಿಂದ ತುಂಬಿದರೆ ಅನ್ನಕ್ಕೆ ಎಡೆಯೆಲ್ಲಿ? ಬೇಳೆಯ ತಳದಲ್ಲಿರುವುದನ್ನು ಕೊಡಿ, ಒಂದು ಚಮಚ ತುಪ್ಪ ಅಥವಾ ಶೇಂಗಾ ಎಣ್ಣೆ ಸೇರಿಸಿ. ರಾಗಿ ಸರಿಯ ವಿಚಾರದಲ್ಲಿ ನಮ್ಮ ಹಿರಿಯರ ಜಾಣತನ ದೊಡ್ಡದು. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿಸಿ, ಒಣಗಿಸಿ, ಹುರಿದು ಬೀಸುತ್ತಾರೆ. ಪುಣೆಯ ಅಂಗಡಿಗಳಲ್ಲಿ ಇದನ್ನೇ ನಾಚಣಿ ಸತ್ವ ಎಂಬ ಹೆಸರಿನಿಂದ ನಾನಾ ರೂಪಗಳಲ್ಲಿ ಮಾರುತ್ತಾರೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ಗಂಟಲು ಹಿಡಿಯುವಷ್ಟು ಗಟ್ಟಿಯಾಗುವುದಿಲ್ಲ. ಅದೇ ಬಟ್ಟಲಲ್ಲಿ ಹೆಚ್ಚು ಸತ್ವ. ಬರೋಡದಲ್ಲಿ ತಾರಾ ಗೋಪಾಲದಾಸ್ ಮತ್ತು ಸಂಗಡಿಗರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಆದರೆ ಬಟ್ಟೆಯಲ್ಲಿ ಸೋಸಿ ತೆಗೆದ ಸತ್ವದಲ್ಲಿ ಪಿಷ್ಟವೇ ಹೆಚ್ಚು. 7–8 ತಿಂಗಳ ಮೇಲೆ ಸೋಸದ ಹಿಟ್ಟೇ ಮೇಲು. ರಾಗಿಯ 100 ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಬೇರೆ ಯಾವ ಧಾನ್ಯದಲ್ಲೂ ಇಷ್ಟಿಲ್ಲ.

ತಾಯಿ: ಹಾಲಿಗಿಂತ ಬೇಳೆ ಒಳ್ಳೆಯದು ಎಂದಿರಿ. ಮಗು ಊಟ ಮಾಡದಿದ್ದರೂ ಹಾಲು ಕುಡಿಯಿತಲ್ಲ ಎಂದು ಸಮಾಧಾನಪಡುವವರೇ ಎಲ್ಲ.

ಆಹಾರತಜ್ಞೆ: ರಕ್ತಹೀನತೆ ಬೆಳೆಯುವುದು ಆ ಸಮಾಧಾನದಲ್ಲೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಇರುವವರು ಮಹಾರಾಷ್ಟ್ರದಲ್ಲಿ ಶೇ. 68.9, ಕರ್ನಾಟಕದಲ್ಲಿ ಶೇ. 65.5. ಅದೇ ಸಮೀಕ್ಷೆಯಲ್ಲಿ 6–23 ತಿಂಗಳ ಮಕ್ಕಳ ಪೈಕಿ ತಕ್ಕಷ್ಟು ಆಹಾರ ಸಿಗುವವರು ದೇಶದಲ್ಲಿ ಶೇ. 11.3 ಮಾತ್ರ. ಇದು ಬರೀ ಬಡವರ ಮನೆಯ ಮಾತು ಎಂದುಕೊಳ್ಳಬಾರದು. ಫ್ರಿಜ್ ತುಂಬಿದ ಮನೆಗಳಲ್ಲೂ ಮಗು ದಿನಕ್ಕೆ ಒಂದು ಲೀಟರ್ ಹಾಲು ಕುಡಿದು ಬಿಳುಚಿಕೊಂಡಿರುತ್ತದೆ.

ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. ಸುಣ್ಣಾಂಶ ಹೆಚ್ಚಿರುವುದರಿಂದ ಬೇರೆ ಆಹಾರದ ಕಬ್ಬಿಣವನ್ನೂ ಮೈಗೆ ಹತ್ತಲು ಅದು ಬಿಡುವುದಿಲ್ಲ. ಮೇಲಾಗಿ ಹಸಿವು ಕೊಲ್ಲುತ್ತದೆ. 1–3 ವರ್ಷದ ಮಗುವಿಗೆ ದಿನಕ್ಕೆ 8 ಮಿಲಿಗ್ರಾಂ ಕಬ್ಬಿಣ ಬೇಕು. ವರ್ಷದ ಮೇಲೆ ಹಸುವಿನ ಅಥವಾ ಎಮ್ಮೆಯ ಹಾಲು ಮೊಸರು ಎಲ್ಲ ಸೇರಿ 400–500 ಮಿಲಿಲೀಟರ್ ದಾಟದಿರಲಿ, ಅದೂ ಲೋಟದಲ್ಲಿ, ಊಟ ಮುಗಿದು ಹೊತ್ತಾದ ಮೇಲೆ. ಕಾಳು, ಸೊಪ್ಪು, ಮೊಟ್ಟೆ, ತಿನ್ನುವವರಾದರೆ ಮೆತ್ತಗೆ ಬೆಂದ ಕೀಮಾ, ಮೀನು ದಿನವೂ ಬರಲಿ. ಬೇಳೆಗೆ ನಾಲ್ಕು ಹನಿ ನಿಂಬೆರಸ ಹಿಂಡಿ. ಅದರ ಸಿ ಜೀವಸತ್ವ ಸೊಪ್ಪು ಕಾಳಿನ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಬೀಜ ತೆಗೆದ ಮಾಗಿದ ಪೇರಲ ಇನ್ನೂ ಒಳ್ಳೆಯದು. ಚಹಾ ಒಂದು ಗುಟುಕೂ ಬೇಡ. ಇದಲ್ಲದೆ ಸರ್ಕಾರದ ರಕ್ತಹೀನತೆ ತಡೆ ಕಾರ್ಯಕ್ರಮದಲ್ಲಿ 6 ತಿಂಗಳಿಂದ 5 ವರ್ಷದವರೆಗೆ ವಾರಕ್ಕೆ ಎರಡು ಸಲ 1 ಮಿಲಿಲೀಟರ್ ಕಬ್ಬಿಣದ ಸಿರಪ್ ಕೊಡುವ ಕ್ರಮವಿದೆ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಕೇಳಿ ಪಡೆಯಬೇಕು.

ತಾಯಿ: ಶಾಕಾಹಾರಿ ಮನೆಗಳು ಏನು ಮಾಡಬೇಕು? ಮೊಟ್ಟೆಯೂ ಇಲ್ಲದ ಮನೆಗಳು ಪುಣೆಯಲ್ಲಿ ಬಹಳ.

ಆಹಾರತಜ್ಞೆ: ಈ ಪ್ರಶ್ನೆಗೆ ಪುಣೆಯಲ್ಲೇ ದೊಡ್ಡ ಸಂಶೋಧನೆ ನಡೆದಿದೆ. ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ಪುಣೆ ಸುತ್ತಲಿನ ಆರು ಹಳ್ಳಿಗಳ ಗರ್ಭಿಣಿಯರನ್ನೂ ಅವರಿಗೆ ಹುಟ್ಟಿದ ಮಕ್ಕಳನ್ನೂ 1993ರಿಂದ ಗಮನಿಸುತ್ತ ಬಂದರು. ತೂಕದಲ್ಲಿ ಚಿಕ್ಕದಾದರೂ ಮೈಯಲ್ಲಿ ಕೊಬ್ಬಿನ ಪಾಲು ಕಡಿಮೆಯಿಲ್ಲದ ಶಿಶುಗಳು ನಮ್ಮಲ್ಲಿ ಹುಟ್ಟುತ್ತವೆ ಎಂಬುದು ಅಲ್ಲಿ ಕಂಡ ಸಂಗತಿ. ಗರ್ಭಿಣಿಯರಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರಿಗೆ ಬಿ12 ಜೀವಸತ್ವ ಕಡಿಮೆಯಿತ್ತು. ತಾಯಿಯಲ್ಲಿ ಕಡಿಮೆಯಿದ್ದರೆ ಎದೆಹಾಲಿನಲ್ಲೂ ಕಡಿಮೆ. ಮಿದುಳು ಬೆಳೆಯುವ ಕಾಲದಲ್ಲಿ ಈ ಕೊರತೆ ಒಳ್ಳೆಯದಲ್ಲ. ಮೊಟ್ಟೆ ಮಾಂಸ ಇಲ್ಲದ ಮನೆಗಳಿಗೆ ಹಾಲು, ಮೊಸರು, ಪನೀರ್ ಇವೇ ಬಿ12ರ ದಾರಿ. ಅದಕ್ಕೇ ಹಾಲನ್ನು ಮಿತಿಗೊಳಿಸಿ ಎಂದೆ, ನಿಲ್ಲಿಸಿ ಎನ್ನಲಿಲ್ಲ. ಮೊಸರನ್ನ ಒಂದು ಹೊತ್ತಿಗೆ ಬಹಳ ಒಳ್ಳೆಯದು; ಮೂರು ಹೊತ್ತೂ ಅದೇ ಆದರೆ ಕಬ್ಬಿಣಕ್ಕೆ ಜಾಗವಿಲ್ಲ. ಬಿ12 ಮಾತ್ರೆ ಹನಿಗಳು ಬೇಕೇ ಎಂಬುದನ್ನು ರಕ್ತಪರೀಕ್ಷೆ ನೋಡಿ ವೈದ್ಯರು ಹೇಳಬೇಕು. ಪೂರ್ವಗ್ರಹವಿಲ್ಲದ ಮನೆಗಳು ಮಗುವಿಗೆ ದಿನಕ್ಕೊಂದು ಮೊಟ್ಟೆ ಕೊಡಲಿ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ.

ತಾಯಿ: ವರ್ಷದವರೆಗೆ ಕೊಟ್ಟದ್ದೆಲ್ಲ ತಿಂದ ಮಗು ವರ್ಷ ತುಂಬಿದ ಮೇಲೆ ಬಾಯಿ ಬಿಗಿದುಕೊಂಡು ಕೂರುತ್ತದೆ, ಮೇಡಂ. ಆಗ ಶುರುವಾಗುತ್ತದೆ ಮೊಬೈಲ್.

ಆಹಾರತಜ್ಞೆ: ಹಸಿವು ಕಡಿಮೆಯಾಗುವುದಕ್ಕೆ ಕಾರಣವಿದೆ. ಮೊದಲ ವರ್ಷದಲ್ಲಿ ಮಗುವಿನ ತೂಕ ಮೂರು ಪಟ್ಟಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ನಕ್ಷೆಯಲ್ಲಿ ನಡುಮಟ್ಟದ ಗಂಡುಮಗು ವರ್ಷಕ್ಕೆ 9.6 ಕೆಜಿ, ಎರಡು ವರ್ಷಕ್ಕೆ 12.2, ಹೆಣ್ಣುಮಗು 8.9ರಿಂದ 11.5. ಇಡೀ ಎರಡನೇ ವರ್ಷದಲ್ಲಿ ಸೇರುವುದು ಎರಡೂವರೆ ಕೆಜಿ ಮಾತ್ರ. ಬೆಳವಣಿಗೆ ನಿಧಾನವಾದರೆ ಹಸಿವೂ ನಿಧಾನ. ಅದೇ ಹೊತ್ತಿಗೆ ಮಗು ನಡೆಯಲು ಕಲಿಯುತ್ತದೆ, ಬೇಡ ಎನ್ನಲು ಕಲಿಯುತ್ತದೆ, ಹೊಸ ತಿನಿಸನ್ನು ಅನುಮಾನದಿಂದ ನೋಡುತ್ತದೆ. ಇದನ್ನು ಹಟವೆಂದು ತಿಳಿದು ಬಾಯಿಗೆ ತುರುಕಿದರೆ ಊಟವೆಂದರೆ ಓಡುವ ಮಗುವಾಗುತ್ತದೆ. ಮೊಬೈಲ್ ಹಿಡಿದು ತಿನ್ನಿಸಿದರೆ ಮಗುವಿಗೆ ತನ್ನ ಹಸಿವೂ ಗೊತ್ತಾಗುವುದಿಲ್ಲ, ಹೊಟ್ಟೆ ತುಂಬಿದ್ದೂ ಗೊತ್ತಾಗುವುದಿಲ್ಲ.

ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರತಜ್ಞೆ ಇದನ್ನು ಒಂದು ಕೆಲಸದ ಹಂಚಿಕೆಯಾಗಿ ವಿವರಿಸಿದರು. ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರದ್ದು. ತಿನ್ನಬೇಕೇ, ಎಷ್ಟು ಎಂಬುದು ಮಗುವಿನದ್ದು. ಅದಕ್ಕೂ ಮೊದಲು, 1926ರಲ್ಲಿ, ಕ್ಲಾರಾ ಡೇವಿಸ್ ಎಂಬ ವೈದ್ಯೆ ಆಗಷ್ಟೇ ಹಾಲು ಬಿಡುತ್ತಿದ್ದ ಶಿಶುಗಳ ಮುಂದೆ ನಾನಾ ತಿನಿಸು ಇಟ್ಟು, ಮಗು ಕೈಚಾಚಿದ್ದನ್ನು ಮಾತ್ರ ಕೊಡಿ ಎಂದು ದಾದಿಯರಿಗೆ ಹೇಳಿ ನೋಡಿದರು. ಒಟ್ಟು 15 ಮಕ್ಕಳು. ಒಂದು ದಿನ ಒಂದೇ ತಿನಿಸು ತಿಂದು ಇನ್ನೊಂದು ದಿನ ಅದನ್ನು ಮುಟ್ಟದೆ ಇದ್ದರೂ ಎಲ್ಲ ಮಕ್ಕಳೂ ಚೆನ್ನಾಗಿ ಬೆಳೆದರು. ಈ ಕತೆ ಹೇಳುವವರು ಒಂದು ವಿವರ ಬಿಟ್ಟುಬಿಡುತ್ತಾರೆ. ಅಲ್ಲಿ ಇಟ್ಟದ್ದೆಲ್ಲ ತಾಜಾ ಆಹಾರ. ಸಕ್ಕರೆ ಇರಲಿಲ್ಲ, ಬಿಸ್ಕತ್ತು ಇರಲಿಲ್ಲ. ಆಯ್ಕೆ ಮಗುವಿನದಾದರೂ ತಟ್ಟೆಗೆ ಏನು ಬರಬೇಕೆಂದು ನಿಶ್ಚಯಿಸಿದವರು ದೊಡ್ಡವರೇ.

ತಾಯಿ: ಒಂದು ಪಲ್ಯವನ್ನು ಉಗುಳಿದರೆ ಎಷ್ಟು ದಿನ ಬಿಡಬೇಕು?

ಆಹಾರತಜ್ಞೆ: ಪೂರಾ ಬಿಡಬೇಡಿ. ಎರಡು ದಿನ ಬಿಟ್ಟು ಮತ್ತೆ ಒಂದೇ ಒಂದು ಚೂರು ತಟ್ಟೆಯ ಅಂಚಿಗೆ ಇಡಿ, ಒತ್ತಾಯ ಬೇಡ. 8–10 ಸಲ, ಕೆಲವು ಮಕ್ಕಳಿಗೆ 15 ಸಲವಾದರೂ ರುಚಿ ಕಂಡ ಮೇಲೇ ಒಪ್ಪಿಗೆ. ಎರಡನೆಯ ಸಲಕ್ಕೇ ನಮ್ಮ ಮಗುವಿಗೆ ಹಾಗಲ, ಮೆಂತ್ಯೆ ಸೇರುವುದಿಲ್ಲ ಎಂದು ತೀರ್ಮಾನಿಸುವುದು ಅನ್ಯಾಯ. ಜೊತೆಗೆ ಕೂತು ನೀವೂ ಅದನ್ನೇ ತಿನ್ನಿ. ದಿನಕ್ಕೆ ಮೂರು ಊಟ, ನಡುವೆ ಎರಡು ಸಣ್ಣ ತಿಂಡಿ. ಆ ಹೊತ್ತುಗಳ ನಡುವೆ ನೀರು ಮಾತ್ರ. ಒಂದು ಊಟಕ್ಕೆ ಮುಕ್ಕಾಲರಿಂದ ಒಂದು ಬಟ್ಟಲು. ಇಪ್ಪತ್ತು–ಮೂವತ್ತು ನಿಮಿಷದಲ್ಲಿ ಮುಗಿಯದಿದ್ದರೆ ತಟ್ಟೆ ಎತ್ತಿಬಿಡಿ, ಬಯ್ಯದೆ. ನೆಲ ಹೊಲಸಾಗುತ್ತದೆ, ಕೆಳಗೊಂದು ಹಳೆಯ ಪೇಪರ್ ಹಾಸಿ.

ತಾಯಿ: ಹಿಂಜವಡಿ, ಖರಾಡಿಯ ಕಂಪನಿಗಳಿಗೆ ಹೋಗುವ ತಾಯಂದಿರ ಮಕ್ಕಳು ಹಗಲೆಲ್ಲ ಪಾಳಣಾಘರ ಎನ್ನುವ ಶಿಶುಪಾಲನಾ ಕೇಂದ್ರದಲ್ಲೋ ಮನೆಗೆಲಸದ ಮಾವಶಿಯ ಕೈಯಲ್ಲೋ ಇರುತ್ತವೆ. ಅಲ್ಲಿ ಈ ತಾಳ್ಮೆ ಎಲ್ಲಿಂದ ಬರಬೇಕು?

ಆಹಾರತಜ್ಞೆ: ಕಾನೂನಿನ ಲೆಕ್ಕವೇ ಇಲ್ಲಿ ಇಕ್ಕಟ್ಟು. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ. ಅದರಲ್ಲಿ ಹೆರಿಗೆಗೆ ಮುಂಚೆ ಕೆಲವು ವಾರ ಹೋದರೆ, ಗಂಜಿ ಶುರುವಾಗುವ ಹೊತ್ತಿಗೇ ತಾಯಿ ಕೆಲಸಕ್ಕೆ ಮರಳಿರುತ್ತಾಳೆ. ಹದ ಬದಲಾಗಬೇಕಾದ ತಿಂಗಳುಗಳೆಲ್ಲ ಬೇರೆಯವರ ಕೈಯಲ್ಲಿ. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ವ್ಯವಸ್ಥೆ ಮಾಡಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಬಹುದು ಎಂದು ಅದೇ ತಿದ್ದುಪಡಿಯಲ್ಲಿದೆ; ಕೇಳಿ ಪಡೆಯಬೇಕಾದ ಹಕ್ಕು ಅದು. ಪಾಳಣಾಘರದಲ್ಲಿ ಹಲವು ಮಕ್ಕಳಿಗೆ ಒಟ್ಟಿಗೆ ಉಣ್ಣಿಸಬೇಕಾದ್ದರಿಂದ ಬೇಗ ಇಳಿಯುವ ನುಣ್ಣನೆಯದನ್ನೇ ಕೇಳುತ್ತಾರೆ. ಡಬ್ಬಿಯಲ್ಲಿ ಒಂದು ಭಾಗ ಕೈಯಿಂದ ತಿನ್ನುವಂಥದ್ದನ್ನು ಇಟ್ಟು, ಅದು ಮಗುವಿನ ಮುಂದಿಟ್ಟರೆ ಸಾಕು, ತಿನ್ನಿಸಬೇಕಾಗಿಲ್ಲ, ಕಣ್ಣು ಮಾತ್ರ ಇರಲಿ ಎಂದು ಹೇಳಿಡಿ: ಇಡ್ಲಿ ತುಂಡು, ಮೆತ್ತನೆಯ ಥಾಲಿಪೀಠ, ಹೆಸರುಬೇಳೆ ದೋಸೆ, ಬೇಯಿಸಿದ ಕುಂಬಳ. ಬೆಳಗಿನ ಡಬ್ಬಿ ಮಧ್ಯಾಹ್ನದವರೆಗೆ ಕೆಡಬಾರದು, ಬೇಸಿಗೆಯಲ್ಲಂತೂ ಹಾಲು ಬೆರೆಸಿದ್ದು ಕಳಿಸಬೇಡಿ. ರಾತ್ರಿಯ ಊಟ ಮನೆಯವರೊಡನೆ ಆಗಲಿ. ದಿನಕ್ಕೆ ಒಂದೇ ಊಟ ಹಾಗಾದರೂ ಮಗು ಕಲಿಯುತ್ತದೆ.

ಇನ್ನು ಅಂಗನವಾಡಿ. 1975ರ ಅಕ್ಟೋಬರ್ 2ರಂದು ಟಿ. ನರಸೀಪುರವೂ ಸೇರಿ 33 ಕಡೆ ಶುರುವಾದ ಯೋಜನೆ ಅದು. ಮೂರು ವರ್ಷದೊಳಗಿನ ಮಕ್ಕಳಿಗೆ ಮನೆಗೆ ಒಯ್ಯುವ ಪಡಿ ಸಿಗುತ್ತದೆ. ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿ, ಯಾದಗಿರಿಯ ಕುಟುಂಬಗಳು ಊರು ಬಿಟ್ಟ ಕೂಡಲೇ ಇದು ಕೈತಪ್ಪಿತು ಎಂದುಕೊಳ್ಳುತ್ತವೆ. ಇರುವ ಬಡಾವಣೆಯ ಅಂಗನವಾಡಿಯಲ್ಲಿ ಹೆಸರು ಬರೆಸಲು ಕೇಳಬೇಕು.

ತಾಯಿ: ಅಂಗಡಿಯ ಡಬ್ಬಿ ಆಹಾರ, ಬಿಸ್ಕತ್ತು?

ಆಹಾರತಜ್ಞೆ: ಮೈಸೂರಿನಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ಸಂಶೋಧನಾಲಯ ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನ ಕಂಡುಹಿಡಿಯಿತು, ಆಣಂದದ ಅಮೂಲ್ ಅದನ್ನು ಮನೆಮನೆಗೆ ತಲುಪಿಸಿತು. ತಾಯಿಯ ಹಾಲಿಲ್ಲದ ಶಿಶುಗಳಿಗೆ ಅದರಿಂದ ಉಪಕಾರವಾಗಿದೆ. ಆದರೆ ವರ್ಷದ ಮಗುವಿಗೆ ಡಬ್ಬಿಯ ಪುಡಿ ಕಲಸಿ ಕೊಡುತ್ತಲೇ ಇದ್ದರೆ ದಿನವೂ ಒಂದೇ ರುಚಿ, ಒಂದೇ ನುಣುಪು. 2 ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಜಾಹೀರಾತು ಕೊಡುವುದನ್ನೇ 1992ರ ಕಾಯ್ದೆ, 2003ರ ತಿದ್ದುಪಡಿಯೊಂದಿಗೆ, ನಿಷೇಧಿಸಿದೆ. ಪ್ರಯಾಣದ ದಿನಕ್ಕೆ ಇರಲಿ, ದಿನದ ಊಟವಾಗದಿರಲಿ. ಬಿಸ್ಕತ್ತನ್ನು ಹಾಲಿನಲ್ಲಿ ಅದ್ದಿ ಕೊಡುವುದು ಸಕ್ಕರೆ, ಮೈದಾ ಕೊಟ್ಟಂತೆ. ಸಕ್ಕರೆ ಬೆಲ್ಲ 2 ವರ್ಷದವರೆಗೆ ಬೇಡ, ಜೇನುತುಪ್ಪ ವರ್ಷದೊಳಗೆ ಒಂದು ಹನಿಯೂ ಬೇಡ. ಅದರಲ್ಲಿರಬಹುದಾದ ಬೀಜಾಣುಗಳು ಶಿಶುವಿನ ಕರುಳಲ್ಲಿ ಬೆಳೆದು ವಿಷ ಹುಟ್ಟಿಸುತ್ತವೆ. ಹಾಲಿನ ಬಾಟಲಿಯನ್ನು ವರ್ಷ ತುಂಬುತ್ತಲೇ ಬಿಡಿಸಿ. ರಾತ್ರಿ ಬಾಟಲಿ ಬಾಯಲ್ಲಿಟ್ಟು ಮಲಗುವ ಮಗುವಿನ ಹಲ್ಲು ಹುಳುಕಾಗುತ್ತದೆ, ಬೆಳಗ್ಗೆ ಹಸಿವೂ ಇರುವುದಿಲ್ಲ.

ತಾಯಿ: ಹದಿನೈದು ತಿಂಗಳಾದರೂ ಇನ್ನೂ ಮಿಕ್ಸಿಯದೇ ನಡೆದಿದ್ದರೆ?

ಆಹಾರತಜ್ಞೆ: ಒಂದೇ ದಿನ ರೊಟ್ಟಿಗೆ ಹಾರಬಾರದು. ಮೊದಲು ಮಿಕ್ಸಿ ಬಿಟ್ಟು ಜರಡಿಯಲ್ಲಿ ಒತ್ತಿದ್ದು, ಅದು ಒಗ್ಗಿದ ಮೇಲೆ ಚಮಚದ ಬೆನ್ನಿನಿಂದ ಕಿವುಚಿದ್ದು, ಆಮೇಲೆ ಗಂಟಿರುವುದು, ಒಂದೊಂದಕ್ಕೂ ಏಳೆಂಟು ದಿನ. ಮಗುವಿಗೆ ಹಸಿವು ಚೆನ್ನಾಗಿರುವ ಹೊತ್ತಿನ ಊಟದಿಂದ ಶುರು ಮಾಡಿ. ತೆಳು ಸಾರಿನಲ್ಲಿ ತೇಲುವ ತುಂಡು ಎಲ್ಲಕ್ಕಿಂತ ಕಷ್ಟ. ನೀರು ಒಂದು ಕಡೆ, ತುಂಡು ಒಂದು ಕಡೆ ಹೋಗುತ್ತದೆ. ಗಟ್ಟಿಯಾಗಿ ಕಲಸಿದ್ದರಲ್ಲಿ ಮೆತ್ತನೆಯ ಚೂರು ಇರಲಿ. ಪಕ್ಕದಲ್ಲಿ ಬಾಳೆಹಣ್ಣಿನ ಉದ್ದನೆ ತುಂಡನ್ನು ಕೈಗೆ ಕೊಟ್ಟಿರಿ. ತನ್ನ ಕೈಯಿಂದ ಬಾಯಿಗೆ ಹೋದದ್ದಕ್ಕೆ ಮಗು ಅಷ್ಟು ಹೆದರುವುದಿಲ್ಲ.

ಜ್ವರ, ಭೇದಿಯ ದಿನಗಳಲ್ಲಿ ಹಿಂದಿನ ಹದಕ್ಕೆ ಇಳಿದರೆ ಚಿಂತೆಯಿಲ್ಲ. ಊಟ ನಿಲ್ಲಿಸಬೇಡಿ, ಎದೆಹಾಲು ಹೆಚ್ಚು ಸಲ ಕೊಡಿ. ಗುಣವಾದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚಿಗೆ ಕೊಟ್ಟರೆ ಕಳೆದ ತೂಕ ಬರುತ್ತದೆ. ಆದರೆ ಪ್ರತಿ ಸಲ ನುಂಗುವಾಗ ಕೆಮ್ಮು, ಊಟದ ನಂತರ ಗೊರಗೊರ ಧ್ವನಿ, ಪದೇ ಪದೇ ಎದೆ ಸೋಂಕು, ವರ್ಷ ದಾಟಿದರೂ ಯಾವ ಗಂಟನ್ನೂ ಸಹಿಸದೆ ವಾಂತಿ, ಮೊದಲು ತಿನ್ನುತ್ತಿದ್ದ ತಿನಿಸುಗಳನ್ನು ಒಂದೊಂದಾಗಿ ಬಿಡುತ್ತ ಬರುವುದು, ತಾಯಿ–ಮಗು ಕಾರ್ಡಿನ ತೂಕದ ಗೆರೆ ಎರಡು ಮೂರು ತಿಂಗಳು ಮೇಲೇರದಿರುವುದು ಇವುಗಳಲ್ಲಿ ಒಂದಿದ್ದರೂ ಮಕ್ಕಳ ವೈದ್ಯರಿಗೆ ತೋರಿಸಬೇಕು. ಬಾಯಿ, ನಾಲಿಗೆಯ ಚಲನೆಯಲ್ಲಿ ತೊಂದರೆಯಿದ್ದರೆ ವಾಕ್ ಮತ್ತು ನುಂಗುವಿಕೆಯ ತಜ್ಞರು ಅದನ್ನು ಗುರುತಿಸಿ, ಮನೆಯಲ್ಲೇ ಮಾಡಿಸುವ ಅಭ್ಯಾಸಗಳನ್ನು ಕಲಿಸುತ್ತಾರೆ.